ಮನಸ್ಸಿನ ಕಡಿವಾಣ ಯಾರ ಕೈಯಲ್ಲಿದೆ?

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾವ ಮೊಹಲ್ಲಾಕ್ಕೆ ಹೋದರೂ ಇಂದು ಹೆತ್ತವರ ಬಾಯಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. "ಮೌಲವಿ ಸಾಹೇಬರೇ, ಮಗ ಕೆಟ್ಟವನಲ್ಲ. ಜುಮಾ ನಮಾಝ್ ತಪ್ಪಿಸುವುದಿಲ್ಲ. ಆದರೆ ಮೊಬೈಲ್ ಕೈಗೆ ಬಂದರೆ ಬೇರೆಯೇ ಮನುಷ್ಯನಾಗುತ್ತಾನೆ. ರಾತ್ರಿ ಎರಡು ಗಂಟೆಯಾದರೂ ಹೊದಿಕೆಯೊಳಗೆ ಬೆಳಕು. ದುಡ್ಡು ಕಟ್ಟಿ ಆಡುವ ಆಟದಲ್ಲಿ ಅವನ ಅಮ್ಮಿ ಕೂಡಿಟ್ಟ ಹಣವೂ ಹೋಯಿತು. ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಆ ಆಣೆ ಹದಿನೈದು ದಿನ ನಿಲ್ಲಲಿಲ್ಲ." ಕೆಲವು ಮನೆಗಳಲ್ಲಿ ಇದೇ ಮಾತು ಸಿಗರೇಟಿನ ಬಗ್ಗೆ, ಕೆಲವೆಡೆ ಗುಟ್ಕಾದ ಬಗ್ಗೆ, ಕೆಲವೆಡೆ ಕುಡಿತದ ಬಗ್ಗೆ, ಇನ್ನು ಕೆಲವೆಡೆ ಹೆಂಡತಿ ಮಕ್ಕಳ ಮೇಲೆ ಕೈಯೆತ್ತಿಸುವ ಸಿಟ್ಟಿನ ಬಗ್ಗೆ.

ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳಿವೆ. ಹಿರಿಯರು ಹೇಳುತ್ತಾರೆ: "ಈಮಾನ್ ದುರ್ಬಲವಾಗಿದೆ, ಅಷ್ಟೇ. ನಾಲ್ಕು ಏಟು ಬಿದ್ದರೆ ಸರಿಹೋಗುತ್ತಾನೆ." ಓದಿದ ಯುವಕರು ಹೇಳುತ್ತಾರೆ: "ಇದೆಲ್ಲ ಮೆದುಳಿನ ರಸಾಯನ. ನಾನೇನು ಮಾಡಲಿ? ನನ್ನ ಮೆದುಳು ಇರುವುದೇ ಹೀಗೆ." ಮೊದಲನೆಯ ಉತ್ತರವು ಬಿದ್ದವನನ್ನು ತುಳಿಯುತ್ತದೆ. ಎರಡನೆಯದು ಅವನನ್ನು ಬಿದ್ದಲ್ಲೇ ಮಲಗಿಸುತ್ತದೆ. ಇವೆರಡರ ನಡುವಿನ ನೇರ ದಾರಿ ಯಾವುದು ಎಂಬುದನ್ನು ನಾವು ಅರಿಯಬೇಕಾಗಿದೆ. ಏಕೆಂದರೆ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಮನೆಗಳಲ್ಲಿ ಮಕ್ಕಳು ಕೈತಪ್ಪಿ ಹೋಗುತ್ತಿದ್ದಾರೆ.

ಮೆದುಳೆಂಬ ಅಮಾನತ್ತು

ಒಂದೂವರೆ ಕಿಲೋ ಕೂಡ ತೂಗದ ಒಂದು ಅವಯವವನ್ನು ಅಲ್ಲಾಹನು ನಮ್ಮ ತಲೆಬುರುಡೆಯೊಳಗೆ ಅಮಾನತ್ತಾಗಿ ಇಟ್ಟಿದ್ದಾನೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹವು ಬಳಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಅದರಲ್ಲಿರುವ ಕೋಟ್ಯಂತರ ಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಎಚ್ಚರದಿಂದಿರಲು, ಗಮನ ಹಿಡಿದಿಡಲು ನೆರವಾಗುವ ರಾಸಾಯನಿಕಗಳಲ್ಲಿ ನಾರ್‌ಅಡ್ರಿನಲಿನ್ ಒಂದು. ಇನ್ನೊಂದು ಡೋಪಮಿನ್. ಡೋಪಮಿನ್ ತಾನೇ ಒಂದು ಸುದ್ದಿವಾಹಕ ಎಂಬುದನ್ನು 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರು ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್. ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಡೋಪಮಿನ್ ಎಂದರೆ ಸುಖದ ರಸ ಎಂದು ಜನ ಭಾವಿಸಿದ್ದಾರೆ. ಸತ್ಯ ಹಾಗಿಲ್ಲ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಪ್ರಯೋಗ ನಡೆಸಿ, ಅದರ ಫಲವನ್ನು 1990ರ ದಶಕದಲ್ಲಿ ಪ್ರಕಟಿಸಿದರು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಅದರ ಡೋಪಮಿನ್ ಕೋಶಗಳು ಚುರುಕಾದವು. ರಸ ಬರುವ ಮುನ್ನ ಪ್ರತಿ ಸಲವೂ ಒಂದು ಸಂಕೇತ ಕೊಡತೊಡಗಿದಾಗ, ಸ್ವಲ್ಪ ಕಾಲದ ನಂತರ ಆ ಕೋಶಗಳು ಸಂಕೇತಕ್ಕೇ ಚುರುಕಾಗತೊಡಗಿದವು. ರಸ ಬಾಯಿಗೆ ಬಂದಾಗ ಅವು ಸುಮ್ಮನಿದ್ದವು! ಸಂಕೇತ ಬಂದರೂ ರಸ ಬಾರದಿದ್ದಾಗ ಅವುಗಳ ಚಟುವಟಿಕೆ ಮಾಮೂಲಿಗಿಂತಲೂ ಕೆಳಗೆ ಇಳಿಯಿತು.

ಅಂದರೆ ಡೋಪಮಿನ್ ಸುಖಕ್ಕಿಂತ ಹೆಚ್ಚಾಗಿ ಸುಖದ ಮುನ್ಸೂಚನೆಯನ್ನು ಸಾರುತ್ತದೆ. "ಅಗೋ, ಏನೋ ಬರಲಿದೆ, ಓಡು" ಎಂದು ಡಂಗುರ ಹೊಡೆಯುವ ತಳವಾರನ ಕೆಲಸ ಅದರದು. ಬಯಸುವುದು ಬೇರೆ, ಇಷ್ಟಪಡುವುದು ಬೇರೆ, ಮೆದುಳಿನಲ್ಲಿ ಇವೆರಡರ ದಾರಿಗಳೂ ಬೇರೆ ಎಂಬುದನ್ನು ಕೆಂಟ್ ಬೆರಿಡ್ಜ್ ಎಂಬ ಅಮೆರಿಕದ ಸಂಶೋಧಕರು ಬಹುಕಾಲದ ಅಧ್ಯಯನದಿಂದ ವಿವರಿಸಿದ್ದಾರೆ. ಹತ್ತು ವರ್ಷಗಳಿಂದ ತಂಬಾಕು ಅಗಿಯುತ್ತಿರುವವರನ್ನು ಕೇಳಿ ನೋಡಿ: "ಭಾಯಿ, ಇದರಲ್ಲಿ ಈಗಲೂ ಮೊದಲಿನ ರುಚಿ ಇದೆಯೇ?" ಇಲ್ಲವೆನ್ನುತ್ತಾರೆ. ಆದರೆ ಕೈ ಜೇಬಿಗೆ ಹೋಗುತ್ತಲೇ ಇರುತ್ತದೆ. ಸುಖ ಸತ್ತು ಹೋಗಿದೆ, ಬಯಕೆ ಮಾತ್ರ ಬದುಕಿದೆ. ದಾಸ್ಯವೆಂದರೆ ಇದೇ ಅಲ್ಲವೇ?

ಜೂಜು ಏಕೆ ಹಿಡಿದಿಟ್ಟುಕೊಳ್ಳುತ್ತದೆ?

ಈ ತಳವಾರನನ್ನು ಅತ್ಯಂತ ಹೆಚ್ಚು ಕೆಣಕುವುದು ಅನಿಶ್ಚಿತತೆ. ಪ್ರತಿ ಸಲವೂ ಸಿಗುವ ವಸ್ತುವಿನ ಮೇಲೆ ಅವನ ಆಸಕ್ತಿ ಕುಗ್ಗುತ್ತದೆ. ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು ಎಂಬಲ್ಲಿ ಅವನು ಎಚ್ಚೆತ್ತೇ ಇರುತ್ತಾನೆ. ಲಾಟರಿ, ಇಸ್ಪೀಟು, ಪಣಕ್ಕಿಟ್ಟ ಆಟ, ಎಷ್ಟು ಎಳೆದರೂ ಮುಗಿಯದ ವೀಡಿಯೊಗಳ ಸಾಲು ಇವೆಲ್ಲವೂ ನಡೆಯುವುದು ಈ ಒಂದೇ ಗುಟ್ಟಿನ ಮೇಲೆ.

ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಅದಕ್ಕೂ ಮೊದಲು ಬೀದಿ ಬೀದಿಗಳಲ್ಲಿ ಟಿಕೆಟಿನ ಕಟ್ಟು ಹಿಡಿದು ಕೂಗುತ್ತಿದ್ದವರನ್ನು ಹಿರಿಯರು ಮರೆತಿರಲಾರರು. ಆದರೆ ಆ ಅಂಗಡಿ ಮುಂದೆ ಮೊಬೈಲಿನೊಳಗೆ ಬಂದು ಕುಳಿತಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ ಸರಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಇಂತಹ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನಿನ ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಸತ್ಯವಿಶ್ವಾಸಿಯ ಬಾಗಿಲು ಅದಕ್ಕಾಗಿ ಕಾಯಬೇಕೇ?

ಸೂರಃ ಅಲ್‌ಮಾಇದಃದ 90 ಮತ್ತು 91ನೆಯ ಸೂಕ್ತಗಳು ಮದ್ಯ ಮತ್ತು ಜೂಜನ್ನು ಒಟ್ಟಿಗೇ ಹೆಸರಿಸಿ ನಿಷೇಧಿಸಿವೆ. ಒಂದು ಬಾಯಿಯ ಮೂಲಕ ಒಳಹೋಗುವ ವಸ್ತು, ಇನ್ನೊಂದು ಕೈಯಿಂದ ಆಡುವ ಆಟ. ಎರಡಕ್ಕೂ ಏನು ಸಂಬಂಧ ಎಂದು ಹಿಂದಿನವರು ಕೇಳಿದ್ದಿರಬಹುದು. ಇಂದು ವೈದ್ಯಶಾಸ್ತ್ರವೂ ಕುಡಿತದ ಚಟವನ್ನು ಮತ್ತು ಜೂಜಿನ ಚಟವನ್ನು ಒಂದೇ ಅಧ್ಯಾಯದಲ್ಲಿ ಓದಿಸುತ್ತದೆ. ಕುರ್‌ಆನ್ ವೈದ್ಯಗ್ರಂಥವಲ್ಲ, ಅದನ್ನು ಹಾಗೆ ಮಾಡಲು ಹೊರಡುವುದೂ ಸರಿಯಲ್ಲ. ಅದು ಮಾರ್ಗದರ್ಶನದ ಗ್ರಂಥ. ಆ ಸೂಕ್ತಗಳು ಎರಡು ಬಗೆಯ ಹಾನಿಗಳನ್ನು ಎತ್ತಿ ತೋರಿಸುತ್ತವೆ: ಶೈತಾನನು ಇವುಗಳ ಮೂಲಕ ನಿಮ್ಮ ನಡುವೆ ಹಗೆ ಬಿತ್ತುತ್ತಾನೆ, ನಿಮ್ಮನ್ನು ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುತ್ತಾನೆ. ಹಣದ ನಷ್ಟ ಎಲ್ಲರ ಕಣ್ಣಿಗೂ ಕಾಣುತ್ತದೆ. ಸಂಬಂಧ ಒಡೆಯುವುದು ಮತ್ತು ಗಮನ ಕಳುವಾಗುವುದು ಬೇಗ ಕಾಣುವುದಿಲ್ಲ. ಆದ್ದರಿಂದಲೇ ಅವುಗಳನ್ನು ಹೆಸರಿಸಿ ಎಚ್ಚರಿಸಲಾಗಿದೆ.

ಹಳೆಯ ಕಾಲುವೆ ಮತ್ತು ಹೊಸ ಕಾಲುವೆ

ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮೆದುಳು ಅದನ್ನು ಆಲೋಚಿಸುವ ಭಾಗದಿಂದ ತೆಗೆದು ತನ್ನ ಆಳದಲ್ಲಿರುವ, ರೂಢಿಗಳನ್ನು ನಡೆಸುವ ಭಾಗಕ್ಕೆ ಒಪ್ಪಿಸುತ್ತದೆ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ನಿತ್ಯ ಆಟೋ ಓಡಿಸುವವರು ಪ್ರತಿ ತಿರುವಿನಲ್ಲೂ ಯೋಚಿಸುವುದಿಲ್ಲ, ಕೈಯೇ ತಿರುಗುತ್ತದೆ. ಇದು ಅಲ್ಲಾಹನ ದೊಡ್ಡ ಅನುಗ್ರಹ. ಇದಿಲ್ಲದಿದ್ದರೆ ನಾವು ದಿನವೂ ನಡೆಯುವುದನ್ನು ಹೊಸದಾಗಿ ಕಲಿಯಬೇಕಾಗುತ್ತಿತ್ತು. ಆದರೆ ಈ ಭಾಗಕ್ಕೆ ಹಲಾಲ್-ಹರಾಮ್ ಗೊತ್ತಿಲ್ಲ. ಕೊಟ್ಟದ್ದನ್ನು ಇಟ್ಟುಕೊಳ್ಳುವುದಷ್ಟೇ ಅದಕ್ಕೆ ಗೊತ್ತು.

ನಮ್ಮ ಊರಿನವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಮಳೆ ಸುರಿದಾಗ ಮಹದೇವಪುರ, ಬೆಳ್ಳಂದೂರು ಭಾಗಗಳು ನೀರಿನಲ್ಲಿ ಮುಳುಗಿದ್ದನ್ನು ನಾವು ನೋಡಿದ್ದೇವೆ. ಕೆರೆಗಳನ್ನು ಜೋಡಿಸುತ್ತಿದ್ದ ರಾಜಕಾಲುವೆಗಳ ಮೇಲೆ ಮನೆ ಕಟ್ಟಿದರು, ಗೋಡೆ ಎತ್ತಿದರು, ಡಾಂಬರು ಹಾಕಿದರು. ಕಾಲುವೆ ಹೋಯಿತು ಎಂದು ಭಾವಿಸಿದರು. ಒಂದು ದೊಡ್ಡ ಮಳೆ ಬಂತು. ನೀರು ತನ್ನ ಹಳೆಯ ಹಾದಿಯನ್ನೇ ಹುಡುಕಿಕೊಂಡು ಬಂತು.

ಅಭ್ಯಾಸವೂ ಹೀಗೆಯೇ. ಆಣೆಯೆಂಬುದು ಹಳೆಯ ಕಾಲುವೆಯ ಮೇಲೆ ಹಾಕಿದ ಡಾಂಬರು. ದುಃಖ, ಸಿಟ್ಟು, ಒಂಟಿತನ, ಹಳೆಯ ಗೆಳೆಯನ ಒಂದು ಕರೆ, ಇವುಗಳಲ್ಲಿ ಯಾವುದಾದರೊಂದು ಮಳೆ ಬಂದರೆ ಸಾಕು, ನೀರು ಹಳೆಯ ಹಾದಿಗೇ ನುಗ್ಗುತ್ತದೆ. ಆದ್ದರಿಂದ ಹಳೆಯದನ್ನು ಮುಚ್ಚುವುದಷ್ಟೇ ಸಾಲದು, ನೀರಿಗೆ ಹೊಸ ಕಾಲುವೆ ತೋಡಿಕೊಡಬೇಕು. ಮಾಡಿದ ದುಷ್ಕರ್ಮಗಳೇ ಹೃದಯದ ಮೇಲೆ ತುಕ್ಕಾಗಿ ಕೂರುತ್ತವೆ ಎಂಬ ಎಚ್ಚರಿಕೆ ಸೂರಃ ಅಲ್‌ಮುತಫ್ಫಿಫೀನ್‌ನ 14ನೆಯ ಸೂಕ್ತದಲ್ಲಿದೆ. ತುಕ್ಕು ಒಂದೇ ದಿನದಲ್ಲಿ ಹಿಡಿಯುವುದಿಲ್ಲ. ಅದನ್ನು ಒಂದೇ ದಿನದಲ್ಲಿ ಉಜ್ಜಿ ತೆಗೆಯುವುದೂ ಆಗದು.

ಇನ್ನೊಂದು ಮಾತನ್ನು ಹೆತ್ತವರು ಗಮನಿಸಬೇಕು. "ನಿಲ್ಲು, ಮುಂದೇನಾಗುತ್ತದೆ ಎಂದು ಯೋಚಿಸು" ಎನ್ನುವ ಮೆದುಳಿನ ಭಾಗ ಹಣೆಯ ಹಿಂದಿದೆ. ಮೆದುಳಿನಲ್ಲಿ ಕೊನೆಗೆ ಪಕ್ವವಾಗುವ ಭಾಗಗಳಲ್ಲಿ ಅದೂ ಒಂದು. ಇಪ್ಪತ್ತೈದರ ಆಸುಪಾಸಿನವರೆಗೂ ಅದು ಬಲಿಯುತ್ತಲೇ ಇರುತ್ತದೆ. ಹದಿನಾರರ ಹುಡುಗನಲ್ಲಿ ಬಯಕೆಯ ಕುದುರೆ ಪೂರ್ತಿ ಬೆಳೆದಿರುತ್ತದೆ, ಕಡಿವಾಣ ಇನ್ನೂ ಹುರಿಗೊಳ್ಳುತ್ತಿರುತ್ತದೆ. ಅವನ ಕೈಗೆ ಬೀಗವಿಲ್ಲದ ಮೊಬೈಲನ್ನೂ ಹಣ ಪಾವತಿಯ ಗುಪ್ತಸಂಖ್ಯೆಯನ್ನೂ ಕೊಟ್ಟು "ಸಂಯಮ ಕಲಿ" ಎನ್ನುವುದು ನ್ಯಾಯವೇ?

ಹೊಣೆ ಯಾರದು?

ಹಾಗಾದರೆ ತಪ್ಪೆಲ್ಲ ರಸಾಯನದ್ದೇ? ಕೆಲವೊಮ್ಮೆ ಅದರ ಪಾಲು ನಿಜಕ್ಕೂ ದೊಡ್ಡದು. ಕೈಕಾಲು ನಡುಗುವ ಪಾರ್ಕಿನ್‌ಸನ್ ಕಾಯಿಲೆಗೆ ಡೋಪಮಿನ್‌ನಂತೆ ಕೆಲಸ ಮಾಡುವ ಔಷಧಿ ಕೊಡುವುದುಂಟು. ಬಾಳಿನಲ್ಲಿ ಎಂದೂ ಜೂಜಾಡದ ಕೆಲವು ರೋಗಿಗಳು ಆ ಔಷಧಿ ತೆಗೆದುಕೊಳ್ಳತೊಡಗಿದ ಮೇಲೆ ಜೂಜಿನ ದಾಸರಾದರು. ವೈದ್ಯರು ಔಷಧಿ ಬದಲಿಸಿದಾಗ ಅನೇಕರು ಅದರಿಂದ ಬಿಡುಗಡೆ ಹೊಂದಿದರು. ಇದು ವೈದ್ಯಲೋಕದಲ್ಲಿ ದಾಖಲಾಗಿರುವ ಸಂಗತಿ. ಇದನ್ನು ತಿಳಿದವರು ಯಾರೂ "ಎಲ್ಲವೂ ಮನೋಬಲದ ಕೊರತೆ" ಎಂದು ಸುಲಭವಾಗಿ ತೀರ್ಪು ಕೊಡಲಾರರು.

ಶರೀಅತ್ ಕೂಡ ಹಾಗೆ ತೀರ್ಪು ಕೊಟ್ಟಿಲ್ಲ. ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆಯನ್ನು ಅಲ್ಲಾಹನು ಹೊರಿಸುವುದಿಲ್ಲ ಎಂಬುದು ಸೂರಃ ಅಲ್‌ಬಕರಃದ ಕೊನೆಯ ಸೂಕ್ತದ ಸಾರ. ನಿದ್ರಿಸುತ್ತಿರುವವನು, ಪ್ರಾಯಕ್ಕೆ ಬಾರದ ಮಗು, ಬುದ್ಧಿ ಸ್ಥಿಮಿತದಲ್ಲಿಲ್ಲದವನು, ಈ ಮೂವರ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಎಂದರೆ ಹೊಣೆಗಾರಿಕೆಗೆ ಅಳತೆಯಿದೆ. ಆದರೆ ಎಚ್ಚರವಾಗಿರುವ, ಬುದ್ಧಿಯಿರುವ ವಯಸ್ಕನಿಂದ ಲೇಖನಿ ಎತ್ತಲ್ಪಟ್ಟಿಲ್ಲ. ಬಯಕೆ ಏಳುವುದನ್ನು ತಡೆಯುವುದು ಅವನ ಕೈಯಲ್ಲಿ ಇಲ್ಲದಿರಬಹುದು. ಆ ಬೀದಿಗೆ ಹೋಗದಿರುವುದು, ಆ ಆಟವನ್ನು ಅಳಿಸಿಹಾಕುವುದು, ಮನೆಯವರ ಮುಂದೆ ನಿಜ ಹೇಳುವುದು, ವೈದ್ಯರ ಬಳಿಗೆ ಹೋಗುವುದು ಅವನ ಕೈಯಲ್ಲಿದೆ. ಅವನು ಅದಕ್ಕೆ ಹೊಣೆ.

ಸಹೀಹ್ ಬುಖಾರಿಯಲ್ಲಿರುವ ಒಂದು ಘಟನೆಯನ್ನು ಪ್ರತಿಯೊಬ್ಬ ತಂದೆಯೂ ನೆನಪಿನಲ್ಲಿಡಬೇಕು. ಪ್ರವಾದಿವರ್ಯರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬ ಒಬ್ಬರಿದ್ದರು. ತಮ್ಮ ತಮಾಷೆಯಿಂದ ಪ್ರವಾದಿಯವರನ್ನು(ಸ) ನಗಿಸುತ್ತಿದ್ದರು. ಆದರೆ ಕುಡಿತ ಅವರನ್ನು ಬಿಟ್ಟಿರಲಿಲ್ಲ. ಅದಕ್ಕಾಗಿ ಅವರಿಗೆ ಶಿಕ್ಷೆಯಾಗಿತ್ತು. ಮತ್ತೊಮ್ಮೆ ಅವರನ್ನು ಕರೆತಂದು ಶಿಕ್ಷಿಸಿದಾಗ, "ಎಷ್ಟು ಸಲ ಇವನನ್ನು ಕರೆತರುವುದು!" ಎಂಬರ್ಥದಲ್ಲಿ ಒಬ್ಬರು ಬೇಸತ್ತು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದರು. ಆ ವ್ಯಕ್ತಿ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದು ಸಾಕ್ಷಿ ನುಡಿದರು. ಇಂತಹುದೇ ಇನ್ನೊಂದು ವರದಿಯಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬ ಎಚ್ಚರಿಕೆಯಿದೆ.

ಗಮನಿಸಿದಿರಾ? ತಪ್ಪನ್ನು ತಪ್ಪೆಂದೇ ಕರೆಯಲಾಯಿತು, ಶಿಕ್ಷೆಯನ್ನು ತಪ್ಪಿಸಲಿಲ್ಲ. ಆದರೆ ಮನುಷ್ಯನನ್ನು ಕೈಬಿಡಲಿಲ್ಲ. "ಮನೆಗೆ ಬರಬೇಡ, ನೀನು ನನ್ನ ಮಗನೇ ಅಲ್ಲ" ಎನ್ನುವವರು ಯಾರ ಪಕ್ಷಕ್ಕೆ ನೆರವಾಗುತ್ತಿದ್ದಾರೆ ಎಂಬುದನ್ನು ಒಂದು ಕ್ಷಣ ಆಲೋಚಿಸಲಿ.

ಮದೀನಾದ ಪಾಠ

ಮದ್ಯದಲ್ಲಿ ಮುಳುಗಿದ್ದ ಒಂದು ಸಮಾಜವನ್ನು ಇಸ್ಲಾಮ್ ಹೇಗೆ ಬಿಡಿಸಿತು? ಮೊದಲು ಅದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದೆಂದು ತಿಳಿಸಲಾಯಿತು. ಆ ಬಳಿಕ ಅಮಲಿನಲ್ಲಿ ನಮಾಝ್‌ನ ಹತ್ತಿರ ಬರಬೇಡಿರೆಂದು ಹೇಳಲಾಯಿತು. ದಿನಕ್ಕೆ ಐದು ಹೊತ್ತು ನಮಾಝ್ ಇರುವವನಿಗೆ ಕುಡಿಯಲು ಬಿಡುವೆಲ್ಲಿ? ಕೊನೆಗೆ ಸಂಪೂರ್ಣ ನಿಷೇಧ ಬಂದಾಗ ಹಝ್ರತ್ ಅನಸ್(ರ) ಅವರು ಅಬೂ ತಲ್ಹಾ(ರ) ಅವರ ಮನೆಯಲ್ಲಿ ಮದ್ಯ ಹಂಚುತ್ತಿದ್ದರು. ಸಾರುವವನ ಧ್ವನಿ ಕೇಳಿದೊಡನೆ ಇದ್ದುದನ್ನೆಲ್ಲ ಹೊರಗೆ ಚೆಲ್ಲಲು ಅಬೂ ತಲ್ಹಾ(ರ) ಹೇಳಿದರು. ಮದೀನಾದ ಬೀದಿಗಳಲ್ಲಿ ಅದು ಹರಿಯಿತು. "ಈ ಗಡಿಗೆ ಮುಗಿಯಲಿ, ನಾಳೆಯಿಂದ ಬಿಡೋಣ" ಎನ್ನಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ನಾವು ಗಮನಿಸುವುದು ಕಡಿಮೆ. ಅಬ್ದುಲ್ ಕೈಸ್ ಗೋತ್ರದ ನಿಯೋಗವು ಬಂದಾಗ ಪ್ರವಾದಿವರ್ಯರು(ಸ) ಮದ್ಯಕ್ಕೆ ಬಳಕೆಯಾಗುತ್ತಿದ್ದ ಪಾತ್ರೆಗಳನ್ನೂ ನಿಷೇಧಿಸಿದರು. ಸೋರೆ ಬುರುಡೆ, ಜಾಡಿ, ಮರದ ಬುಡ ಕೊರೆದ ಪಾತ್ರೆ, ರಾಳ ಬಳಿದ ಪಾತ್ರೆ. ಅವುಗಳಲ್ಲಿಟ್ಟ ಪಾನಕವು ಅರಿವಿಲ್ಲದೆ ಹುಳಿತು ಅಮಲೇರುವ ಭಯವಿತ್ತು ಎಂದು ವಿದ್ವಾಂಸರು ಕಾರಣ ಹೇಳಿದ್ದಾರೆ. ಜನರ ಮನಸ್ಸಿನಲ್ಲಿ ನಿಷೇಧ ಬೇರೂರಿದ ನಂತರ ಆ ಪಾತ್ರೆಗಳ ಬಳಕೆಗೆ ಅನುಮತಿ ಸಿಕ್ಕಿತು, ಅಮಲಿನ ಪಾನೀಯ ಮಾತ್ರ ನಿಷಿದ್ಧವಾಗಿಯೇ ಉಳಿಯಿತು. ಅಭ್ಯಾಸ ಬಿಡುವವರಿಗೆ ಇದರಲ್ಲಿ ಪಾಠವಿದೆ. ಕೋತಿಗೆ ಸಂಕೇತ ಹೇಗೋ ಕುಡುಕನಿಗೆ ಪಾತ್ರೆ ಹಾಗೆ. ಮೊದಮೊದಲು ವಸ್ತುವಿನ ಜೊತೆ ಅದರ ಪಾತ್ರೆಯನ್ನೂ ದೂರ ಇಡಿ. ಸಿಗರೇಟು ಬಿಡುವವರು ಊಟದ ನಂತರ ನಿಲ್ಲುವ ಅಂಗಡಿಯ ಕಟ್ಟೆಯನ್ನೂ ಬಿಡಲಿ. ಆಟ ಬಿಡುವವರು ರಾತ್ರಿ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಲಿ, ಬ್ಯಾಂಕಿನ ವ್ಯವಹಾರವನ್ನು ಕೆಲವು ತಿಂಗಳು ತಂದೆಗೋ ಅಣ್ಣನಿಗೋ ಒಪ್ಪಿಸಲಿ. ತೊಂಬತ್ತೊಂಬತ್ತು ಕೊಲೆ ಮಾಡಿ, ನೂರನೆಯದನ್ನೂ ಮಾಡಿ ಪಶ್ಚಾತ್ತಾಪಪಟ್ಟವನಿಗೆ ವಿದ್ವಾಂಸನು ಆ ಊರನ್ನೇ ಬಿಟ್ಟು ಸಜ್ಜನರ ಊರಿಗೆ ಹೋಗಲು ಹೇಳಿದ ಹದೀಸ್ ನಿಮಗೆ ತಿಳಿದಿದೆ. ವಾತಾವರಣ ಬದಲಾದರೆ ಚಟವೂ ಸಡಿಲವಾಗುತ್ತದೆ. ವಿಯೆಟ್ನಾಮ್ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ತಮ್ಮ ಊರಿಗೆ ಮರಳಿದ ಮೇಲೆ ಮತ್ತೆ ಆ ಚಟಕ್ಕೆ ಬೀಳಲಿಲ್ಲ ಎಂಬುದನ್ನು 1970ರ ದಶಕದ ಅಧ್ಯಯನ ತೋರಿಸಿದೆ.

ಎರಡನೆಯದಾಗಿ, ಮೊದಲ ಗಳಿಗೆಯನ್ನು ದಾಟಿರಿ. ನಿಜವಾದ ಸಹನೆ ಮೊದಲ ಆಘಾತದಲ್ಲಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಿಟ್ಟು ಬಂದಾಗ ನಿಂತವನು ಕೂರಲಿ, ಆಗಲೂ ಇಳಿಯದಿದ್ದರೆ ಮಲಗಲಿ ಎಂದೂ ಹೇಳಿದ್ದಾರೆ. ಬಯಕೆಯು ಅಲೆಯಂತೆ ಏರಿ, ನಾವು ಅದಕ್ಕೆ ಮೇವು ಹಾಕದಿದ್ದರೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಎದ್ದು ವುಝೂ ಮಾಡಿ, ಎರಡು ರಕಅತ್ ನಮಾಝ್ ಮಾಡುವಷ್ಟರಲ್ಲಿ ಅಲೆ ಇಳಿದಿರಬಹುದು.

ಮೂರನೆಯದಾಗಿ, ರಮಝಾನನ್ನು ಕಳೆದುಕೊಳ್ಳಬೇಡಿ. ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವ ಮನುಷ್ಯನು ಫಜ್ರ್‌ನಿಂದ ಮಗ್ರಿಬ್‌ವರೆಗೆ ಹದಿಮೂರು ಗಂಟೆ ಅದನ್ನು ಮುಟ್ಟುವುದಿಲ್ಲ. "ನನ್ನಿಂದಾಗದು" ಎಂಬ ಮಾತು ಸುಳ್ಳೆಂಬುದಕ್ಕೆ ಅವನ ಉಪವಾಸವೇ ಸಾಕ್ಷಿ. ಆದರೆ ಇಫ್ತಾರಿನ ಖರ್ಜೂರ ಬಾಯಲ್ಲಿರುವಾಗಲೇ ಫ್ರೇಝರ್ ಟೌನಿನ ಮಾಸ್ಕ್ ರೋಡಿನ ಯಾವುದೋ ಮೂಲೆಯಲ್ಲಿ ಬೆಂಕಿಕಡ್ಡಿ ಗೀರುತ್ತಾನೆ. ಹದಿಮೂರು ಗಂಟೆ ತೋಡಿದ ಹೊಸ ಕಾಲುವೆಗೆ ತಾನೇ ಮಣ್ಣು ತುಂಬುತ್ತಾನೆ. ಆ ಗಳಿಗೆಯಲ್ಲಿ ಒಬ್ಬ ಗೆಳೆಯ ಅವನ ಕೈ ಹಿಡಿದು ತರಾವೀಹ್‌ಗೆ ಕರೆದೊಯ್ದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ನಾಲ್ಕನೆಯದಾಗಿ, ಚಿಕ್ಕದನ್ನು ಹಿಡಿಯಿರಿ, ಬಿಡದೆ ಹಿಡಿಯಿರಿ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು ಅಲ್ಪವಾದರೂ ನಿರಂತರವಾದುದು ಎಂಬುದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದೆಂದು ಕಂಡುಬಂತು. ಮಧ್ಯದ ಲೆಕ್ಕ 66 ದಿನ. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಕೆಡುವುದಿಲ್ಲ ಎಂದೂ ಅವರು ಕಂಡರು. ಜಾರಿದವನಿಗೆ ತೌಬಾದ ಬಾಗಿಲು ತೆರೆದಿದೆ ಎಂಬ ನಮ್ಮ ನಂಬಿಕೆಗೆ ಇದು ಹೊಸ ಮಾತಲ್ಲ.

ಕಳುವಾಗುವ ಗಮನ

ನೇರಳೆ ಮಾರ್ಗದ ಮೆಟ್ರೊದಲ್ಲಿ ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ಹೋಗುವಾಗ ಸುತ್ತ ನೋಡಿ. ಎಲ್ಲರ ತಲೆಯೂ ಬಾಗಿದೆ. ರುಕೂವಿನಲ್ಲೂ ಅಷ್ಟು ಹೊತ್ತು ಬಾಗಿರಲಾರೆವು! ಒಮ್ಮೆ ಪ್ರವಾದಿವರ್ಯರು(ಸ) ಚಿತ್ತಾರವಿದ್ದ ಒಂದು ಹೊದಿಕೆ ಹೊದ್ದು ನಮಾಝ್ ಮಾಡಿದರು. ಆ ಚಿತ್ತಾರ ತಮ್ಮ ಗಮನ ಸೆಳೆಯಿತೆಂದು, ಅದನ್ನು ಅಬೂ ಜಹ್ಮ್(ರ) ಅವರಿಗೆ ಹಿಂತಿರುಗಿಸಿ ಚಿತ್ತಾರವಿಲ್ಲದ ಹೊದಿಕೆಯನ್ನು ತರಿಸಿಕೊಂಡರು. ಸೃಷ್ಟಿಗಳಲ್ಲೇ ಶ್ರೇಷ್ಠರಾದವರು ಬಟ್ಟೆಯ ಒಂದು ಚಿತ್ತಾರವನ್ನು ದೂರ ಕಳಿಸಿದರು. ನಾವು ಜೇಬಿನಲ್ಲಿ ನಡುಗುವ ಮೊಬೈಲಿಟ್ಟುಕೊಂಡು ಖುಶೂ ಬರುತ್ತಿಲ್ಲವೆಂದು ಕೊರಗುತ್ತೇವೆ.

ರೋಗವಾದರೆ ಚಿಕಿತ್ಸೆ

ಅಲ್ಲಾಹನು ಇಳಿಸಿದ ಪ್ರತಿ ರೋಗಕ್ಕೂ ಔಷಧಿಯನ್ನು ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿವರ್ಯರ(ಸ) ಆದೇಶ. ನಮ್ಮ ನಗರದಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಮೊಬೈಲು, ಆನ್‌ಲೈನ್ ಆಟಗಳ ಚಟಕ್ಕಾಗಿ 2014ರಲ್ಲಿ 'ಶಟ್' ಎಂಬ ಹೆಸರಿನ ಪ್ರತ್ಯೇಕ ಕ್ಲಿನಿಕ್ಕನ್ನೂ ಆರಂಭಿಸಲಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅಂತಹವರನ್ನು ಕೋಣೆಯಲ್ಲಿ ಕೂಡಿಹಾಕದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಚಿಕ್ಕಂದಿನಿಂದಲೂ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಮಕ್ಕಳಲ್ಲಿ ಕೆಲವರಿಗೆ ಇರುವುದು ತುಂಟತನವಲ್ಲ, ಒಂದು ತೊಂದರೆ. ಅದಕ್ಕೂ ಪರಿಹಾರವಿದೆ. ಮಾನ ಹೋದೀತೆಂದು ಮುಚ್ಚಿಡುವವರು ಕಾಲು ಮುರಿದರೆ ಮುಚ್ಚಿಡುತ್ತಾರೆಯೇ?

ಪ್ರಿಯ ಓದುಗರೇ, ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಿ ಎಂದು ನಮಗೆ ಕಲಿಸಲಾಗಿದೆ. ದುಆ ಮಾಡಿ ಮೊಬೈಲನ್ನು ದಿಂಬಿನ ಕೆಳಗಿಟ್ಟುಕೊಳ್ಳುವವರು ಒಂಟೆಯನ್ನು ಕಟ್ಟಿಲ್ಲ. ಮೊಬೈಲನ್ನು ದೂರವಿಟ್ಟು ದುಆವನ್ನೇ ಮರೆತವರು ಒಡೆಯನನ್ನು ಮರೆತಿದ್ದಾರೆ. ಎರಡೂ ಬೇಕು. ನಿಮ್ಮ ಮನೆಯಲ್ಲಿ ಇಂತಹ ಒಬ್ಬ ಮಗನಿದ್ದರೆ ಇಂದು ಇಶಾ ನಮಾಝ್ ಬಳಿಕ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. "ಬೇಟಾ, ಇದು ನಿನ್ನೊಬ್ಬನ ಹೋರಾಟವಲ್ಲ. ನೀನು ನಿಜ ಹೇಳು, ನಾನು ಜೊತೆಗೆ ಬರುತ್ತೇನೆ" ಎನ್ನಿ. ಹೊಸ ಕಾಲುವೆಯ ಮೊದಲ ಗುದ್ದಲಿ ಅದೇ.

ಅಲ್ಲಾಹನು ನಮ್ಮ ಬಯಕೆಗಳ ಕಡಿವಾಣವನ್ನು ನಮ್ಮ ಕೈಗೆ ಕೊಡಲಿ. ಬಿದ್ದವರನ್ನು ಎತ್ತುವ ಕರುಣೆಯನ್ನು ನಮ್ಮ ಹೃದಯಗಳಲ್ಲಿಡಲಿ. ಆಮೀನ್.